ಕತ್ತಲೆಗೊಂದು ತಟ್ಟೆ

ಐವತ್ತೆಂಟನೆಯ ವಯಸ್ಸಿನಲ್ಲಿ ಆಟದ ಸಾಮಾನು ಆರಿಸಲು ಕೂತ ಗಂಡನನ್ನು ಕಂಡು ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಮಂಡೆ ಸರಿ ಉಂಟಾ?"

ಪ್ರಶ್ನೆ ನ್ಯಾಯವಾದದ್ದೇ. ಊಟದ ಮೇಜಿನ ಮೇಲೆ ಮೂರು ಪ್ಲಾಸ್ಟಿಕ್ ತಟ್ಟೆಗಳಿದ್ದವು. ಮೂರಕ್ಕೂ ಒಂದೇ ಬಣ್ಣ. ಬಣ್ಣ ಅನ್ನುವುದೂ ಕಷ್ಟ, ನೀರು ಮಜ್ಜಿಗೆಗೆ ಒಂದು ಹನಿ ಹಸಿರು ಬಿದ್ದ ಹಾಗೆ. 2023ರ ಡಿಸೆಂಬರಿನಲ್ಲಿ ಮಿಷಿಗನ್‌ನಿಂದ ರಜೆಗೆ ಬಂದ ಮಗ ಅವನ್ನು ತಂದಿದ್ದ. "ಅಪ್ಪಾ, ಇದರಲ್ಲಿ ಒಂದು ನಿಮಗೆ. ಯಾವುದು ಬೇಕು ಅಂತ ನೀವೇ ಹೇಳಿ. ಉಳಿದದ್ದು ವಾಪಸ್ ತಗೊಂಡು ಹೋಗ್ತೇನೆ" ಅಂದಿದ್ದ. ಕತ್ತಲಲ್ಲಿ ಹೊಳೆಯುವ ತಟ್ಟೆಗಳಂತೆ ಅವು. ಹಗಲಲ್ಲಿ ನೋಡಿದರೆ ಹೋಟೆಲಿನವರು ಬಿಸಾಡಿದ ಮುಚ್ಚಳದ ಹಾಗಿದ್ದವು.

ಊರಲ್ಲಿ ಕೂತು ಓದುವವರಿಗೆ ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಹೆಸರು ಡಿಸ್ಕ್ ಗಾಲ್ಫ್. ಲೆಕ್ಕವೆಲ್ಲ ಗಾಲ್ಫಿನದ್ದೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ. ತಟ್ಟೆಯನ್ನು ಎಸೆಯುವುದು, ಬಿದ್ದಲ್ಲಿಗೆ ನಡೆಯುವುದು, ಅಲ್ಲಿಂದ ಮತ್ತೆ ಎಸೆಯುವುದು. ಕೊನೆಗೆ ಕಂಬದ ಸುತ್ತ ಇಳಿಬಿಟ್ಟ ಸರಪಳಿಗಳಿಗೆ ತಾಗಿ ಬುಟ್ಟಿಗೆ ಬೀಳಬೇಕು. ಯಾರು ಕಡಿಮೆ ಎಸೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಈ ಸರಪಳಿ ಬುಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವನು ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್. ಅವನು 2002ರಲ್ಲಿ ತೀರಿಕೊಂಡ ಮೇಲೆ ಅವನ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ತಟ್ಟೆಗಳನ್ನೇ ಮಾಡಿದರಂತೆ. ಮಗ ಇದನ್ನು ತಮಾಷೆಯ ಸಂಗತಿ ಎಂಬಂತೆ ಹೇಳಿದ. ನನಗೆ ನಗು ಬರಲಿಲ್ಲ. ಉಪ್ಪಿನಂಗಡಿಯ ಸಂಗಮದಲ್ಲಿ, ನೇತ್ರಾವತಿಗೆ ಕುಮಾರಧಾರಾ ಸೇರುವಲ್ಲಿ, ಅಮ್ಮನ ಅಸ್ಥಿ ಬಿಟ್ಟು ಆಗ ಐದು ವರ್ಷವೂ ಆಗಿರಲಿಲ್ಲ.

ತಟ್ಟೆಗಳಲ್ಲಿ ಮುಖ್ಯವಾಗಿ ಮೂರು ಜಾತಿ. ದೂರ ಹೋಗುವುದು ಡ್ರೈವರ್. ಹತ್ತಿರದಿಂದ ಬುಟ್ಟಿಗೆ ಹಾಕುವುದು ಪಟರ್. ನಡುವಿನದ್ದು ಮಿಡ್‌ರೇಂಜ್, ನಮ್ಮ ಭಾಷೆಯಲ್ಲಿ ನಡುದೂರದ ತಟ್ಟೆ ಅನ್ನೋಣ. ನನ್ನ ಮೇಜಿನ ಮೇಲಿದ್ದವು ಮೂರೂ ನಡುದೂರದವು. ಅಡ್ಡಗಲ ಹೆಚ್ಚುಕಡಿಮೆ 21 ಸೆಂಟಿಮೀಟರ್, ತೂಕ 165ರಿಂದ 180 ಗ್ರಾಂ.

ಆಡುವ ಜಾಗ ಎಲ್ಲಿ ಅಂತ ಕೇಳಬಹುದು. ನಾನಿರುವುದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ದೇವರು ಮಾಡಿದ ದ್ವೀಪ ಅಲ್ಲ ಇದು. 1920ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಅಳಿವೆಯ ಮರಳದಿಣ್ಣೆ ಕಡಿಸಿ, ಹಡಗಿನ ದಾರಿಗಾಗಿ ಹಿನ್ನೀರಿನ ಹೂಳೆತ್ತಿಸಿ, ಆ ಹೂಳನ್ನೇ ಒಂದು ಕಡೆ ಸುರಿಸಿ ಮಾಡಿದ ನೆಲ. ಬಂದರು, ನೌಕಾದಳ, ಚಹಾ ಹರಾಜು, ಮೀನುಗಾರಿಕೆಯ ಸಂಶೋಧನಾ ಕೇಂದ್ರ ಎಲ್ಲ ಈ ಕೆಸರಿನ ಮೇಲೆಯೇ ನಿಂತಿವೆ. ನಾನು ಹಡಗು ಏಜೆನ್ಸಿಯೊಂದರಲ್ಲಿ ಲೆಕ್ಕಪತ್ರ ಬರೆಯಲು ಬಂದ 1989ರಲ್ಲಿ ಲಾರಿಗಳ ಗದ್ದಲದಲ್ಲಿ ರಸ್ತೆ ದಾಟುವುದೇ ಕಷ್ಟವಾಗಿತ್ತು. 2011ರಲ್ಲಿ ಕಂಟೇನರ್ ಟರ್ಮಿನಲ್ ವಲ್ಲಾರ್‌ಪಾಡಂಗೆ ಹೋದ ಮೇಲೆ ಇಲ್ಲಿ ಸದ್ದು ಕಮ್ಮಿಯಾಯಿತು. ಖಾಲಿ ಗೋದಾಮುಗಳು, ದೊಡ್ಡ ದೊಡ್ಡ ಮಳೆಮರಗಳು, ಸಂಜೆ ಯಾರೂ ಇಲ್ಲದ ಬಯಲು. ಸರಪಳಿ ಬುಟ್ಟಿ ನಮಗೆಲ್ಲಿಂದ ಬರಬೇಕು? ಮರದ ಬೊಡ್ಡೆಯೇ ಗುರಿ. ಬುಟ್ಟಿ ಬರುವ ಮೊದಲು ಅಮೆರಿಕದಲ್ಲೂ ಮರ, ದೀಪದ ಕಂಬಗಳಿಗೇ ಹೊಡೆಯುತ್ತಿದ್ದರಂತೆ. ಹಾಗಾಗಿ ಮರ್ಯಾದೆಗೇನೂ ಕಮ್ಮಿ ಇಲ್ಲ.

ಮಗನ ಜೊತೆ ನಾಲ್ಕು ಸಂಜೆ ಆಡಿದೆ. ನನ್ನ ಎಸೆತ ಮೂವತ್ತು ನಲವತ್ತು ಮೀಟರು ಹೋದರೆ ಪುಣ್ಯ. ಆಫೀಸು ಬಿಡುವುದು ಐದೂವರೆಗೆ, ಡಿಸೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲೆ. ಹೊಳೆಯುವ ತಟ್ಟೆಯ ಮಾತು ಬಂದದ್ದು ಹಾಗೆ. ಮಿಷಿಗನ್‌ನಲ್ಲಿ ಚಳಿಗಾಲದ ಸಂಜೆ ಐದಕ್ಕೇ ಕತ್ತಲಾಗುವುದರಿಂದ ಅಲ್ಲಿ ಇದು ಮಾಮೂಲಂತೆ.

ಇದರ ಕೆಲಸ ಹೀಗೆ: ಪ್ಲಾಸ್ಟಿಕ್ಕಿಗೆ ಒಂದು ಬಗೆಯ ಪುಡಿ ಬೆರೆಸಿರುತ್ತಾರೆ. ಈಗಿನ ಒಳ್ಳೆಯ ಪುಡಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್, ಅದರೊಳಗೆ ಚಿಟಿಕೆಯಷ್ಟು ಯುರೋಪಿಯಂ, ಡಿಸ್ಪ್ರೋಸಿಯಂ. 1990ರ ದಶಕದಲ್ಲಿ ಜಪಾನಿನವರು ಇದನ್ನು ಬಳಕೆಗೆ ತಂದರು. ಅದಕ್ಕೂ ಹಿಂದಿನ ಸತುವಿನ ಸಲ್ಫೈಡ್ ಪುಡಿ ಬೇಗ ಮಂಕಾಗುತ್ತಿತ್ತು. ಟಾರ್ಚ್ ಹಿಡಿದರೆ, ಅದರಲ್ಲೂ ನೇರಳಾತೀತ ಟಾರ್ಚ್ ಹಿಡಿದರೆ, ಪುಡಿ ಬೆಳಕನ್ನು ಕುಡಿದುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಜೋರು, ಮತ್ತೆ ಇಳಿಮುಖ. ನಮ್ಮ ಕಡೆ ಕತ್ತಲಲ್ಲಿ ಕಾಣುವುದಕ್ಕೆಲ್ಲ ರೇಡಿಯಂ ಅನ್ನುತ್ತೇವಲ್ಲ, ಅದಲ್ಲ ಇದು. ಅಜ್ಜನ ಕೈಗಡಿಯಾರದ ಮುಳ್ಳಿನಲ್ಲಿದ್ದದ್ದು ನಿಜವಾದ ರೇಡಿಯಂ ಇರಬೇಕು. ಅದಕ್ಕೆ ಯಾರ ಬೆಳಕೂ ಬೇಡ, ತನ್ನಷ್ಟಕ್ಕೇ ಉರಿಯುತ್ತಿತ್ತು. ಅಂಥ ಗಡಿಯಾರಗಳಿಗೆ ಬಣ್ಣ ಬಳಿಯುತ್ತಿದ್ದ ನ್ಯೂಜೆರ್ಸಿಯ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ಪಡೆದುಕೊಂಡ ಬೆಳಕು ಕೊಡುವ ಈ ಪುಡಿಗೆ ಆ ವಿಷವಿಲ್ಲ.

ಸರಿ, ಮೂರರಲ್ಲಿ ಯಾವುದು?

ಒಂದು ಗಟ್ಟಿ, ಭಾರ, 178 ಗ್ರಾಂ. ಅಂಚು ಚೂಪು. ಬಲಗೈಯವರು ಎಸೆದ ತಟ್ಟೆ ಕೊನೆಯಲ್ಲಿ ಎಡಕ್ಕೆ ವಾಲಿಯೇ ವಾಲುತ್ತದೆ, ಇದು ಜಾಸ್ತಿ ವಾಲುವ ಜಾತಿ. ಎದುರುಗಾಳಿಗೆ ಜಗ್ಗುವುದಿಲ್ಲ, ಆದರೆ ತೋಳಿನಲ್ಲಿ ಕಸುವು ಬೇಕು. ಇನ್ನೊಂದು ಹಗುರ, ಬಗ್ಗಿಸಿದರೆ ಬಗ್ಗುತ್ತದೆ. ಮೆತ್ತಗೆ ಎಸೆದರೂ ತೇಲುತ್ತದೆ, ಗಾಳಿ ಬಂದರೆ ಅದರ ಪಾಡು ದೇವರಿಗೇ ಪ್ರೀತಿ. ಮೂರನೆಯದ್ದು ನಾನು ಆ ನಾಲ್ಕೂ ದಿನ ಹಗಲು ಬೆಳಕಿನಲ್ಲಿ ಎಸೆದ ಕಿತ್ತಳೆ ತಟ್ಟೆಯ ಅಚ್ಚಿನದ್ದೇ. ಪುಡಿ ಸೇರಿದ್ದರಿಂದ ಕೈಗೆ ಸ್ವಲ್ಪ ಬಿರುಸು ಅನ್ನಿಸುತ್ತಿತ್ತು.

ನನ್ನ ಕೈ ಹೋದದ್ದು ಮೊದಲನೆಯದ್ದಕ್ಕೆ. ಯಾಕೆ ಅಂದರೆ ಅದು ಬಲಶಾಲಿಯ ತಟ್ಟೆ. ಮಗ ನಕ್ಕ. ಹೊಸದಾಗಿ ಆಟಕ್ಕೆ ಬಂದವರೆಲ್ಲ ಇದೇ ತಪ್ಪು ಮಾಡುತ್ತಾರಂತೆ. ತನಗೆಷ್ಟು ಎಸೆಯಲಿಕ್ಕೆ ಆಗುತ್ತದೋ ಅದಕ್ಕೆ ಸರಿಯಾದದ್ದನ್ನು ಬಿಟ್ಟು, ತಾನು ಯಾರಾಗಬೇಕು ಅಂದುಕೊಂಡಿದ್ದಾನೋ ಅವನಿಗೆ ಸರಿಹೊಂದುವ ತಟ್ಟೆ ಕೊಳ್ಳುತ್ತಾರೆ. ಮತ್ತೆ ಹೇಳಿದ: "ಅದಿರಲಿ ಅಪ್ಪಾ, ಇದನ್ನು ಇಲ್ಲಿ ಲೈಟ್ ಕೆಳಗೆ ನೋಡಿದರೆ ಎಂತ ಗೊತ್ತಾಗ್ತದೆ? ಕತ್ತಲಲ್ಲಿ ನೋಡಿ."

ಹೌದಲ್ಲ! ಟಾರ್ಚ್ ಹಿಡಿದು ಮೂರಕ್ಕೂ ಬೆಳಕು ಕುಡಿಸಿ ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಕ್ಕಿಮೂಟೆ, ತೆಂಗಿನಕಾಯಿ, ಹಳೇ ಪೇಪರಿನ ವಾಸನೆಯ ನಡುವೆ ಮೂರು ಹಸಿರು ಚಂದ್ರ. ಹೊರಗೆ ಒಂದೇ ಥರ ಕಂಡವು ಒಳಗೆ ಬೇರೆ ಬೇರೆಯಾದವು. ಆ ಬಲಶಾಲಿ ಎಲ್ಲಕ್ಕಿಂತ ಮಂಕಾಗಿತ್ತು. ನನಗೆ ಸುಮಾರು ಹೊತ್ತು ಬಾಗಿಲು ತೆರೆಯಲು ಮನಸ್ಸಾಗಲಿಲ್ಲ. ಹೊರಗೆ ಹೆಂಡತಿ ಮಗನ ಹತ್ತಿರ ಏನೋ ಹೇಳಿ ನಗುತ್ತಿದ್ದಳು. ನಾನು 1989ನೆಯ ಇಸವಿಗೆ ಹೋಗಿ ನಿಂತಿದ್ದೆ.

ಆ ವರ್ಷ ನನ್ನ ಎದುರಿಗೂ ಮೂರಿದ್ದವು. ದುಬೈಯಲ್ಲಿ ಕೆಲಸ ಕೊಡಿಸುತ್ತೇನೆಂದ ಸೋದರಮಾವ. ಪುತ್ತೂರಿನಲ್ಲೇ ಒಂದು ಸಹಕಾರಿ ಸಂಘದ ಗುಮಾಸ್ತಿಕೆ. ಕೊಚ್ಚಿಯ ಈ ಕೆಲಸ. ನಾನು ನಡುವಿನದ್ದನ್ನು ಆರಿಸಿದೆ. ಅಪ್ಪ ಇರಲಿಲ್ಲ, ಅಮ್ಮ ಒಬ್ಬಳೇ, ಅಕ್ಕನ ಮನೆ ಅಲ್ಲೇ ಹತ್ತಿರ. ಕೊಚ್ಚಿ ಎಂತ ದೂರ? ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮಂಗಳೂರು, ಅಲ್ಲಿಂದ ಬಸ್ಸು, ಹತ್ತು ಗಂಟೆಯ ಕಾಫಿಗೆ ಮನೆ. ಸಂಬಳವೂ ಆಯಿತು, ಅಮ್ಮನೂ ಕೈಗೆಟುಕಿದಳು. ಎಲ್ಲರೂ ಬುದ್ಧಿವಂತ ಅಂದರು. ನಾನೂ ಹಾಗೇ ಅಂದುಕೊಂಡೆ.

ಹೊರನಾಡ ಕನ್ನಡಿಗರು ಅಂದಾಗ ನಿಮಗೆಲ್ಲ ಅಮೆರಿಕದವರು, ಕೊಲ್ಲಿಯವರು, ಹೆಚ್ಚೆಂದರೆ ಮುಂಬಯಿಯವರು ನೆನಪಾಗುತ್ತಾರೆ. ಪಕ್ಕದ ರಾಜ್ಯಕ್ಕೆ ಹೋಗಿ ಕೂತವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮದು ಪರದೇಶವೂ ಅಲ್ಲ, ಊರೂ ಅಲ್ಲ. ಅದರಿಂದ ಬೇಸರವೇನಿಲ್ಲ. ಆದರೆ ಈ ನಡುದೂರಕ್ಕೆ ಒಂದು ಕುತಂತ್ರವಿದೆ, ಅದನ್ನು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ದೂರ ಇರುವವನು ಲೆಕ್ಕ ಇಟ್ಟಿರುತ್ತಾನೆ. ನನ್ನ ಮಗ ಆರು ತಿಂಗಳು ಮೊದಲೇ ಟಿಕೆಟ್ ತೆಗೆಯುತ್ತಾನೆ, ಭಾನುವಾರ ಬೆಳಿಗ್ಗೆ ತಪ್ಪದೆ ಫೋನ್ ಮಾಡುತ್ತಾನೆ. ಹತ್ತಿರ ಇರುವವನಿಗೆ ಲೆಕ್ಕವೇ ಬೇಡ, ಅಕ್ಕ ದಿನಾ ಸಂಜೆ ಹೋಗಿ ಬರುತ್ತಿದ್ದಳು. ನಡುವಿನವನು? ಅವನು ಯಾವಾಗ ಬೇಕಾದರೂ ಹೋಗಬಹುದು. ಯಾವಾಗ ಬೇಕಾದರೂ ಹೋಗಬಹುದಾದ್ದರಿಂದ ಇವತ್ತೇ ಹೋಗಬೇಕೆಂದಿಲ್ಲ. ಓಣಂ ರಜೆಗೆ ಹೋಗೋಣ, ಮಾರ್ಚ್ ಲೆಕ್ಕ ಮುಗಿಯಲಿ, ಮಗನ ಪರೀಕ್ಷೆ ಕಳೆಯಲಿ. ಅಮ್ಮನೂ ಹಾಗೇ ಹೇಳುತ್ತಿದ್ದಳು: "ಪುರುಸೊತ್ತು ಆದಾಗ ಬಾ. ಅರ್ಜೆಂಟ್ ಎಂತ ಇಲ್ಲ."

2019ರ ಜನವರಿಯ ಒಂದು ಮಂಗಳವಾರ ಫೋನಿನಲ್ಲಿ ಕೂಡ ಅದನ್ನೇ ಹೇಳಿದಳು. ಸ್ವಲ್ಪ ಸುಸ್ತು, ಊಟ ಸೇರುವುದಿಲ್ಲ, ಅರ್ಜೆಂಟ್ ಎಂತ ಇಲ್ಲ. ಶನಿವಾರ ಬರ್ತೇನೆ ಅಂದೆ. ಬುಧವಾರ ಸಂಜೆ ಏಳರ ಹೊತ್ತಿಗೆ ಅಕ್ಕ ಫೋನ್ ಮಾಡಿದಾಗ ನಾನು ಆಫೀಸಿನಲ್ಲೇ ಇದ್ದೆ. ಆ ರಾತ್ರಿಯ ರೈಲಿನಲ್ಲಿ ನನಗೆ ಮೊದಲ ಸಲ ಗೊತ್ತಾಯಿತು, ಕೊಚ್ಚಿಗೂ ಪುತ್ತೂರಿಗೂ ಎಷ್ಟು ದೂರ ಅಂತ. ಮೂವತ್ತು ವರ್ಷ ನಾನು 'ಒಂದು ರಾತ್ರಿ' ಅನ್ನುತ್ತಿದ್ದೆ. ಆ ಶಬ್ದದಲ್ಲಿ ರಾತ್ರಿ ಇದೆ ಅನ್ನುವುದನ್ನೇ ಗಮನಿಸಿರಲಿಲ್ಲ.

ಅಂಗಳದಲ್ಲಿ ಸೇರಿದವರಲ್ಲಿ ಒಬ್ಬರು, ಸಣ್ಣ ಧ್ವನಿಯಲ್ಲೇ, ಅಂದರು: "ಕೊಚ್ಚಿ ಎಂತ ದೂರ ಮಾರಾಯಾ?" ಮೊಮ್ಮಗ ಬರಲಿಲ್ಲ ಅಂತ ಯಾರೂ ಅನ್ನಲಿಲ್ಲ. ಪಾಪ, ಅಷ್ಟು ದೂರದಿಂದ ಹೇಗೆ ಬರ್ತಾನೆ? ಅವನಿಗೆ ಮೈಲಿಗಳೇ ಮಾಫಿ ಕೊಟ್ಟಿದ್ದವು.

ಪೀಟರ್ ಸಿಂಗರ್ ಅನ್ನುವ ತತ್ತ್ವಶಾಸ್ತ್ರಜ್ಞ 1972ರ ಒಂದು ಪ್ರಬಂಧದಲ್ಲಿ ದೂರಕ್ಕೆ ನೀತಿಯ ಲೆಕ್ಕದಲ್ಲಿ ಬೆಲೆಯಿಲ್ಲ ಅಂತ ವಾದಿಸಿದ್ದಾನೆ. ಕಣ್ಣೆದುರಿನ ಕೊಳದಲ್ಲಿ ಮುಳುಗುವ ಮಗುವಿಗೂ ಸಾವಿರ ಮೈಲಿ ಆಚೆ ಹಸಿದಿರುವ ಮಗುವಿಗೂ ನಮ್ಮ ಋಣ ಒಂದೇ. ಅವನು ಬರೆದದ್ದು ಬಂಗಾಳದ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡು, ನನ್ನಂಥವನಿಗಾಗಿ ಅಲ್ಲ. ಆದರೂ ಅವನ ವಾದ ಒಪ್ಪಿದರೆ ಮಗನೂ ನಾನೂ ಒಂದೇ ತಕ್ಕಡಿಯಲ್ಲಿ ಕೂರಬೇಕು. ನನ್ನ ಮನಸ್ಸು ಒಪ್ಪುವುದಿಲ್ಲ. ಋಣ ಒಂದೇ ಇರಬಹುದು, ನೆಪಗಳು ಒಂದೇ ಅಲ್ಲ. ಬಹುದೂರದವನ ನೆಪ ಭೂಪಟದಲ್ಲಿ ಕಾಣುತ್ತದೆ. ನನ್ನದನ್ನು ದಿನಾ ನಾನೇ ಮಾಡಿಕೊಳ್ಳಬೇಕಿತ್ತು, ಮಾಡಿಕೊಂಡೆ.

ಹಾಗಾದರೆ 1989ರಲ್ಲಿ ಮಾಡಿದ ಆಯ್ಕೆಯೇ ತಪ್ಪೇ? ಉಗ್ರಾಣದ ಕತ್ತಲಲ್ಲಿ ನಾನು ಕೇಳಿಕೊಂಡದ್ದು ಇದನ್ನೇ. ನಾವು ಆರಿಸುವುದೆಲ್ಲ ಬೆಳಕಿನಲ್ಲಿ. ಕೆಲಸ, ಊರು, ಮದುವೆ, ಎಲ್ಲವನ್ನೂ ಮೈ ಗಟ್ಟಿ ಇರುವಾಗ, ಕಣ್ಣು ಚುರುಕಾಗಿರುವಾಗ, ನಾಲ್ಕು ಜನ ಭೇಷ್ ಅನ್ನುವಾಗ ಆರಿಸುತ್ತೇವೆ. ಅವು ಕೆಲಸಕ್ಕೆ ಬರಬೇಕಾದದ್ದು ಮಾತ್ರ ಕತ್ತಲಲ್ಲಿ. ಇಪ್ಪತ್ತನಾಲ್ಕರ ಹುಡುಗನಿಗೆ ಐವತ್ತನಾಲ್ಕರ ಬುಧವಾರ ಕಾಣಲಿಲ್ಲ ಅಂತ ಅವನನ್ನು ಬೈಯುವುದು ಅನ್ಯಾಯ. ಬೈಯಬೇಕಾದ್ದು ಬೇರೆ ಒಂದಕ್ಕೆ. ಬಾಗಿಲು ಹಾಕಿ ಒಂದು ಸಲ ನೋಡಬಹುದಿತ್ತು. ಯಾವುದಾದರೂ ಸುಮ್ಮನೆ ಒಂದು ಬುಧವಾರ, ಯಾರಿಗೂ ಏನೂ ಆಗಿರದ ದಿನ, ಕೆಲಸ ಬಿಟ್ಟು ರೈಲು ಹತ್ತಿ ಹೋಗಿ ನೋಡಬಹುದಿತ್ತು. ಅಷ್ಟು ವರ್ಷದಲ್ಲಿ ನಾನು ಹೋದದ್ದೆಲ್ಲ ಹಬ್ಬಕ್ಕೆ, ಮದುವೆಗೆ, ಬೇಸಿಗೆ ರಜೆಗೆ. ನನ್ನ 'ಒಂದು ರಾತ್ರಿ'ಯನ್ನು ಕತ್ತಲಲ್ಲಿ ಹಿಡಿದು ಪರೀಕ್ಷೆ ಮಾಡಲೇ ಇಲ್ಲ.

ಇದಕ್ಕೆ ಎದುರು ವಾದವೂ ಉಂಟು. ಪ್ರತಿಯೊಂದನ್ನೂ ಬಾಗಿಲು ಹಾಕಿ ನೋಡುತ್ತಾ ಕೂತರೆ ಬೆಳಕಿನಲ್ಲಿ ಬದುಕುವವರು ಯಾರು? ಅಮ್ಮನೇ ಕೇಳುತ್ತಿದ್ದಳು ಆ ಮಾತನ್ನು. 1998ರ ಬೇಸಿಗೆಯಲ್ಲಿ ಅವಳು ಕೊಚ್ಚಿಗೆ ಬಂದಿದ್ದಳು, ಅವಳು ಬಂದದ್ದು ಅದೊಂದೇ ಸಲ. ಒಂದು ರಾತ್ರಿ ಕುಂಬಳಂಗಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲುಗಾಲದಲ್ಲಿ ಅಲ್ಲಿನ ಉಪ್ಪುನೀರಿನಲ್ಲಿ 'ಕವರ್' ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ನೀರು ಅಲುಗಾಡಿದರೆ ಮಾತ್ರ ನೀಲಿಯಾಗಿ ಬೆಳಗುತ್ತವೆ. 2019ರಲ್ಲಿ ಬಂದ 'ಕುಂಬಳಂಗಿ ನೈಟ್ಸ್' ಸಿನಿಮಾ ಆದ ಮೇಲೆ ಅದನ್ನು ನೋಡಲು ಜನವೋ ಜನ, ಆಗೆಲ್ಲ ಯಾರೂ ಇರಲಿಲ್ಲ. ಅಮ್ಮ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟು ನೀರು ಕಲಕಿದಳು. ಕಾಲ ಸುತ್ತ ಬೆಳಕು ಎದ್ದಿತು. "ಮಿಣುಕುಹುಳ ನೀರಿಗೆ ಬಿದ್ದಿದ್ದಾ?" ಅಂದಳು. ಮತ್ತೆ ತುಂಬ ಹೊತ್ತು ಸುಮ್ಮನೆ ಕಾಲು ಆಡಿಸುತ್ತಾ ಇದ್ದಳು. ನಾನು ಗಡಿಯಾರ ನೋಡಿ, ಹೊತ್ತಾಯಿತು ಅಮ್ಮಾ, ಇನ್ನೊಂದು ಸಲ ಬರೋಣ ಅಂದೆ.

ಬಾಗಿಲು ತೆರೆದು ಬಂದಾಗ ಮಗ "ಯಾವುದು?" ಅಂತ ಕೇಳಿದ. ನಾನು ಮೂರನೆಯದ್ದನ್ನು ತೋರಿಸಿದೆ. ಅದೇ ಸರಿ ಅಂದ. ಕತ್ತಲಲ್ಲಿ ತಟ್ಟೆಯ ದಾರಿ ಪೂರ್ತಿ ಕಾಣುವುದಿಲ್ಲ, ಒಂದು ಹಸಿರು ಗೀರು ಅಷ್ಟೆ. ಎಲ್ಲಿ ವಾಲುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಕೈ ಮೊದಲೇ ತಿಳಿದಿರಬೇಕು. ಆದ್ದರಿಂದ ಹಗಲು ಎಸೆಯುವ ಅಚ್ಚನ್ನೇ ಕತ್ತಲೆಗೂ ಇಟ್ಟುಕೊಳ್ಳಬೇಕು ಅನ್ನುವುದು ಆ ಆಟದವರ ರೂಢಿಯಂತೆ. ಅವನಿಗೆ ನಾನು ಬೇರೆ ಕಾರಣ ಹೇಳಲಿಲ್ಲ. ಅವನ ಅಜ್ಜಿಯ ವಿಷಯ ನಾವು ಗಂಡಸರು ಎದುರೆದುರು ಕೂತು ಮಾತಾಡಿದ್ದು ಇಲ್ಲ. ಒಂದು ಸಲ ಮಾತ್ರ, ಬಯಲಿನಲ್ಲಿ ತಟ್ಟೆ ಹುಡುಕುತ್ತಿರುವಾಗ, ಅವನು ಕತ್ತಲಲ್ಲಿ ಮುಖ ಕಾಣದ್ದರ ಧೈರ್ಯದಲ್ಲೋ ಏನೋ ಅಂದ: "ನಾನು ಆಗ ಬರಬಹುದಿತ್ತು ಅಪ್ಪಾ. ಟಿಕೆಟ್ ಇತ್ತು. ನೋಡಿದ್ದೆ." ಏನು ಹೇಳಬೇಕೋ ಗೊತ್ತಾಗಲಿಲ್ಲ. ನಾನು ಇಷ್ಟು ಹೊತ್ತು ಮೈಲಿಗಳ ಮಾಫಿ ಅಂತೆಲ್ಲ ಬರೆದೆನಲ್ಲ, ಅದು ಅವನಿಗೆ ಸಿಕ್ಕಿರಲೇ ಇಲ್ಲ. ಹುಡುಕುತ್ತಿದ್ದ ತಟ್ಟೆಯೂ ಸಿಗಲಿಲ್ಲ. ಅದು ಆ ಹಗುರದ್ದು, ಗಾಳಿಗೆ ಹಾರಿ ಕಾಯಲಿಗೆ ಬಿದ್ದಿತ್ತು. ಹೋಗಿ ನೋಡುವಾಗ ನೀರಿನೊಳಗೆ ಹಸಿರಾಗಿ ಸ್ವಲ್ಪ ಕಂಡು, ಒಂದಾಳುದ್ದ ಇಳಿಯುವ ಮೊದಲೇ ಕೆಸರಿನಲ್ಲಿ ಮಾಯವಾಯಿತು.

ಅವನು ಹೋದ ಮೇಲೆ ಫೆಬ್ರವರಿಯ ಒಂದು ಬುಧವಾರ ರಜೆ ಹಾಕಿ ಊರಿಗೆ ಹೊರಟೆ. ಅಕ್ಕನಿಗೆ ಹುಷಾರಿಲ್ಲ ಅಂತಲ್ಲ, ಹಬ್ಬವೂ ಅಲ್ಲ. ಫೋನ್ ಮಾಡಿದಾಗ ಅವಳು ಗಾಬರಿಯಾಗಿ, "ಯಾಕೆ, ಎಂತ ಆಯ್ತು?" ಅಂದಳು. ಎಂತದ್ದೂ ಇಲ್ಲ, ಸುಮ್ಮನೆ ಅಂದರೆ ಅವಳಿಗೆ ನಂಬಿಕೆಯೇ ಇಲ್ಲ. ಚೀಲದಲ್ಲಿ ತಟ್ಟೆ ಇಟ್ಟುಕೊಂಡಿದ್ದೆ, ಅವಳ ಮನೆ ಹಿಂದಿನ ಗದ್ದೆಯಲ್ಲಿ ಎಸೆಯಬಹುದು ಅಂತ.

ಡಬ್ಬಿಯಲ್ಲಿ ದೀಪ ಆರಿಸಿದ ಮೇಲೆ ಅದು ಚೀಲದ ಬಾಯಿಂದ ಹಸಿರಾಗಿ ಕಾಣುತ್ತಿತ್ತು. ಎದುರು ಬರ್ತಿನಲ್ಲಿ ಏಳೆಂಟು ವರ್ಷದ ಒಬ್ಬ ಹುಡುಗ ತಾಯಿಯ ಪಕ್ಕ ನಿದ್ದೆ ಬಾರದೆ ಬಿದ್ದುಕೊಂಡಿದ್ದ. ಮಲಯಾಳದಲ್ಲಿ ಕೇಳಿದ, ಅಂಕಲ್, ಅದು ರೇಡಿಯಮ್ಮಾ? ಅಲ್ಲ, ಬೇರೆ ಅಂದೆ. ಬೆಳಗಿನವರೆಗೂ ಇರ್ತದಾ? ಇಲ್ಲ ಮಗೂ, ಶೊರ್ನೂರು ಬರುವಾಗ ಮಂಕಾಗ್ತದೆ. ಹಾಗಾದರೆ ಆಮೇಲೆ?

ಟಾರ್ಚ್ ಉಂಟು ಅಂದೆ. ಅವನು ಕೈ ಚಾಚಿದ. ಎರಡನ್ನೂ ಕೊಟ್ಟೆ.